ಮಡಿಯುಟ್ಟ ಹಣ

ಕೇಂದ್ರ ಸರಕಾರದ 2002ರ ಅಧಿನಿಯಮವೊಂದನ್ನು ಕನ್ನಡ ದಿನಪತ್ರಿಕೆಗಳು ‘ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆ’ ಎಂದು ಕರೆಯುತ್ತ ಬಂದಿವೆ. ಪಿ.ಎಂ.ಎಲ್.ಎ. ಎಂಬ ಅಕ್ಷರಗಳ ಸರಕ್ಕಿಂತ ಇದು ಕಿವಿಗೆ ಹಿತವಾಗಿದೆ. ಅರ್ಥಕ್ಕೆ ಮಾತ್ರ ಅಹಿತವಾಗಿದೆ. ಈ ಹೆಸರನ್ನು ಓದಿದ ವ್ಯಾಪಾರಿ, ಲೆಕ್ಕಪರಿಶೋಧಕ, ಬಸದಿಯ ಟ್ರಸ್ಟಿನ ಕಾರ್ಯದರ್ಶಿ ಮೂವರೂ ಒಂದೇ ನಿರ್ಣಯಕ್ಕೆ ಬರುತ್ತಾರೆ. ಹಣವನ್ನು ಕಾನೂನಿಗೆ ವಿರುದ್ಧವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದವನಿಗಾಗಿ ಈ ಕಾಯಿದೆ ಇದೆ. ಚೆಕ್ಕು ಬರೆದು, ರಸೀದಿ ಕೊಟ್ಟು, ಬ್ಯಾಂಕಿನ ಮೂಲಕವೇ ವ್ಯವಹರಿಸುವ ತಮಗೂ ಅದಕ್ಕೂ ಏನು ಸಂಬಂಧ ಎಂಬುದು ಆ ನಿರ್ಣಯ. ಅದು ತಪ್ಪು. ತಪ್ಪಿನ ಮೂಲ ಆ ಅನುವಾದದಲ್ಲಿಯೇ ಇದೆ. ಈ ಕಾಯಿದೆ ಹುಡುಕುವ ಹಣ ಬಹುಮಟ್ಟಿಗೆ ಸಕ್ರಮವಾದ ದಾರಿಯಲ್ಲಿಯೇ ಸಾಗುತ್ತದೆ. ಚೆಕ್ಕು ಸರಿಯಾಗಿರುತ್ತದೆ, ಖಾತೆಗೆ ಸಂಖ್ಯೆ ಇರುತ್ತದೆ, ರಸೀದಿಯ ಮೇಲೆ ಮೊಹರು ಇರುತ್ತದೆ. ಸರಿಯಿಲ್ಲದಿರುವುದು ಹಣದ ಹುಟ್ಟು.

ಇಂಗ್ಲಿಷಿನ ಮೂಲಪದದ ಅರ್ಥ ಬಟ್ಟೆ ಒಗೆಯುವುದು. ಹಿಂದಿಯಲ್ಲಿ ಇದಕ್ಕೆ ‘ಧನಶೋಧನ’ ಎಂದು ಹೆಸರಿಟ್ಟರು. ‘ಶೋಧನ’ ಎಂಬ ಮಾತು ಶ್ರಾವಕರಿಗೆ ಪ್ರಾಯಶ್ಚಿತ್ತದ ಪ್ರಕರಣದಿಂದ ಪರಿಚಿತವಾದುದು. ಅಲ್ಲಿ ಶುದ್ಧನಾಗಬೇಕಾದವನು ತಪ್ಪು ಮಾಡಿದವನು; ಅವನು ಮೊಟ್ಟಮೊದಲು ಮಾಡಬೇಕಾದುದು ಆಲೋಚನೆ, ಎಂದರೆ ಗುರುವಿನ ಮುಂದೆ ತನ್ನ ದೋಷವನ್ನು ಮುಚ್ಚಿಡದೆ ಹೇಳುವುದು. ಇಲ್ಲಿಯ ಶೋಧನ ಮುಚ್ಚಿಡುವುದರಿಂದಲೇ ಆರಂಭವಾಗುತ್ತದೆ. ಶುದ್ಧವಾಗುವುದು ಹಣ, ಮನುಷ್ಯನು ಇದ್ದಂತೆಯೇ ಇರುತ್ತಾನೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ಮಡಿ’. ಅಗಸನು ಒಗೆದು ತಂದ ಬಟ್ಟೆ ಮಡಿ; ಮಡಿವಾಳನೆಂಬ ಹೆಸರೂ ಅಲ್ಲಿಂದಲೇ ಬಂದಿದೆ. ‘ಹಣವನ್ನು ಮಡಿ ಮಾಡುವುದು’ ಎಂದು ಪತ್ರಿಕೆಗಳು ಮೊದಲ ದಿನದಿಂದ ಬರೆದಿದ್ದರೆ, ಮಡಿಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾಡಿನಲ್ಲಿ ಆ ಕಾಯಿದೆಯ ತಾತ್ಪರ್ಯ ಅಜ್ಜಿಯರಿಗೂ ತಿಳಿಯುತ್ತಿತ್ತು.

ಈ ಅಧಿನಿಯಮಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 2003ರ ಜನವರಿ 17ರಂದು. ಜಾರಿಗೆ ಬಂದುದು 2005ರ ಜುಲೈ 1ರಂದು. ಅದರ ಹೃದಯ ಮೂರನೆಯ ಕಲಮಿನಲ್ಲಿದೆ. ಅಪರಾಧದಿಂದ ಹುಟ್ಟಿದ ಸ್ವತ್ತನ್ನು ಬಚ್ಚಿಡುವುದು, ಇಟ್ಟುಕೊಳ್ಳುವುದು, ಪಡೆಯುವುದು, ಬಳಸುವುದು, ಅದನ್ನು ನಿಷ್ಕಳಂಕವೆಂದು ತೋರಿಸುವುದು ಇವು ಅಲ್ಲಿ ಹೇಳಿರುವ ಕ್ರಿಯೆಗಳು. ಮೂಲಪಾಠದಲ್ಲಿ ಕೊನೆಯ ಕ್ರಿಯೆಯನ್ನು ‘ಮತ್ತು’ ಎಂಬ ಪದದಿಂದ ಜೋಡಿಸಿದ್ದರು. ಆದುದರಿಂದ ಇಟ್ಟುಕೊಂಡದ್ದಷ್ಟೇ ಸಾಲದು, ನಿಷ್ಕಳಂಕವೆಂದು ತೋರಿಸಿಯೂ ಇರಬೇಕು ಎಂದು ವಕೀಲರು ವಾದಿಸುತ್ತಿದ್ದರು. 2019ರಲ್ಲಿ ಸಂಸತ್ತು ಒಂದು ವಿವರಣೆಯನ್ನು ಸೇರಿಸಿತು. 2022ರ ಜುಲೈ 27ರಂದು ವಿಜಯ್ ಮದನಲಾಲ್ ಚೌಧರಿ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ‘ಮತ್ತು’ವನ್ನು ‘ಅಥವಾ’ ಎಂದೇ ಓದಬೇಕೆಂದಿತು. ಒಂದು ಅವ್ಯಯ ಬದಲಾದುದರಿಂದ ಕಾಯಿದೆಯ ಬಾಗಿಲು ಎಷ್ಟು ಅಗಲವಾಯಿತೆಂಬುದನ್ನು ವ್ಯಾಪಾರಸ್ಥರು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ. ಮಲಿನವೆಂದು ತಿಳಿದ ಹಣವನ್ನು ಸುಮ್ಮನೆ ತನ್ನಲ್ಲಿ ಇರಗೊಟ್ಟರೂ ಸಾಕು. ವರ್ಗಾವಣೆ ನಡೆಯಬೇಕೆಂಬ ನಿಯಮವೇ ಇಲ್ಲ.

ಈ ಭೇದ ಬೆಂಗಳೂರಿನ ಪಂಡಿತರಿಗೆ ಸಂಬಂಧಿಸಿದ ಸೂಕ್ಷ್ಮವೆಂದು ರಾಯಚೂರು ಜಿಲ್ಲೆಯ ಓದುಗರು ತಿಳಿಯಬೇಕಾಗಿಲ್ಲ. ದೇವದುರ್ಗ ತಾಲೂಕಿನಲ್ಲಿ ಕೃಷ್ಣಾ ನದಿಯ ದಡದ ಮೇಲೆ ಗೂಗಲ್ ಎಂಬ ಊರಿದೆ. ಹೊರಗಿನವರು ಈಗ ಆ ಹೆಸರನ್ನು ಕೇಳಿ ಅಮೆರಿಕದ ಕಂಪನಿಯೊಂದನ್ನು ನೆನೆದು ನಗುತ್ತಾರೆ; ಊರು ಆ ಕಂಪನಿಗಿಂತ ಎಷ್ಟೋ ಹಳೆಯದು, ಅಲ್ಲಮಪ್ರಭುವಿನ ಹೆಸರಿನ ಕ್ಷೇತ್ರವಾಗಿ ಪ್ರಸಿದ್ಧವಾದುದು. ಈ ಭಾಗದ ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮಾಂತರ ಮೂರೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ನಾಯಕ ಜನಾಂಗದ ಸಣ್ಣ ಹಿಡುವಳಿದಾರರು ಇಲ್ಲಿ ಹೇರಳವಾಗಿದ್ದಾರೆ. ಅವರ ಹೊಲದಲ್ಲಿ ‘ಗಂಗಾ ಕಲ್ಯಾಣ’ದ ಕೊಳವೆಬಾವಿ ತೋಡಿಸುವುದಕ್ಕೂ, ಅವರ ಮಕ್ಕಳಿಗೆ ಸ್ವಯಂ ಉದ್ಯೋಗದ ಸಾಲ ಕೊಡುವುದಕ್ಕೂ ರಾಜ್ಯ ಸರಕಾರವು ನಡೆಸುವ ಸಂಸ್ಥೆ ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮ. 2024ರಲ್ಲಿ ಆ ನಿಗಮದ ಹಣಕ್ಕೆ ಒದಗಿದ ಗತಿಯನ್ನು ಓದುವುದು, ಮೇಲೆ ಹೇಳಿದ ಕಲಮನ್ನು ಉದಾಹರಣೆಯೊಡನೆ ಓದಿದಂತೆ.

ಆ ವರ್ಷದ ಮೇ 26ರಂದು ನಿಗಮದ ಲೆಕ್ಕಪತ್ರ ವಿಭಾಗದ ಅಧೀಕ್ಷಕರೊಬ್ಬರು ಶಿವಮೊಗ್ಗದ ತಮ್ಮ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಪತ್ರದಿಂದ ವಿಷಯ ಹೊರಬಂದಿತು. ನಿಗಮದ ಮೂಲ ಖಾತೆಯಿಂದ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಯೂನಿಯನ್ ಬ್ಯಾಂಕ್ ಶಾಖೆಯ ಹೊಸ ಖಾತೆಗೆ ಸುಮಾರು 187 ಕೋಟಿ ರೂಪಾಯಿ ಬಂದಿತ್ತೆಂದೂ, ಅದರಲ್ಲಿ ಸುಮಾರು 89 ಕೋಟಿ ಹೈದರಾಬಾದಿನ ಕಡೆಯ ಖಾತೆಗಳಿಗೆ ಹರಿದುಹೋಯಿತೆಂದೂ ಮುಂದೆ ತಿಳಿದುಬಂದಿತು. ರಾಜ್ಯ ಸರಕಾರವು ವಿಶೇಷ ತನಿಖಾ ದಳವನ್ನು ನೇಮಿಸಿತು. ಕೇಂದ್ರ ತನಿಖಾ ದಳವೂ ಜಾರಿ ನಿರ್ದೇಶನಾಲಯವೂ ಬಂದವು. ಸಹಕಾರ ಸಂಘವೊಂದರ ಹೆಸರಿನಲ್ಲಿ ತೆರೆದ ನಕಲಿ ಖಾತೆಗಳು, ಅಲ್ಲಿಂದ ನಗದು, ನಗದಿನಿಂದ ಚಿನ್ನದ ಗಟ್ಟಿ, ಒಂದಿಷ್ಟು ಪಾಲು ಬಳ್ಳಾರಿಯ ಲೋಕಸಭಾ ಚುನಾವಣೆಗೆ: ತನಿಖಾ ಸಂಸ್ಥೆಗಳು ಹೇಳುವ ಸರಣಿ ಇದು. ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಾಗಿದ್ದ ಬಿ. ನಾಗೇಂದ್ರ ಅವರು ಜೂನ್ 6ರಂದು ರಾಜೀನಾಮೆಯಿತ್ತರು. ಜುಲೈನಲ್ಲಿ ಬಂಧಿತರಾಗಿ ಅಕ್ಟೋಬರಿನಲ್ಲಿ ಜಾಮೀನು ಪಡೆದರು. ನಿಗಮದ ಅಧ್ಯಕ್ಷರಾಗಿದ್ದ, ರಾಯಚೂರು ಗ್ರಾಮಾಂತರ ಕ್ಷೇತ್ರದ ಶಾಸಕ ಬಸನಗೌಡ ದದ್ದಲ್ ಅವರ ಮನೆಯಲ್ಲಿಯೂ ಶೋಧ ನಡೆಯಿತು. ಶೋಧ ನಡೆದ ಮಾತ್ರಕ್ಕೆ, ಬಂಧನವಾದ ಮಾತ್ರಕ್ಕೆ ದೋಷ ಸಿದ್ಧವಾಗುವುದಿಲ್ಲ. ಯಾರು ಅಪರಾಧಿ ಎಂಬುದನ್ನು ನ್ಯಾಯಾಲಯ ಹೇಳಬೇಕು. ಅದನ್ನು ಇಲ್ಲಿ ಮುಂಚಿತವಾಗಿ ಹೇಳುವುದು ಸತ್ಯವ್ರತಕ್ಕೆ ಸಲ್ಲದು.

ವಿಮರ್ಶೆಗೆ ಬೇಕಾದುದು ಹೆಸರುಗಳಲ್ಲ, ನಿಲ್ದಾಣಗಳು. ಹೊಸ ಖಾತೆ ತೆರೆಯಬೇಕಾದರೆ ನಿಗಮದ ಠರಾವು ಬೇಕು, ಅಧಿಕಾರಿಗಳ ಮಾದರಿ ಸಹಿ ಬೇಕು, ಬ್ಯಾಂಕಿನಲ್ಲಿ ಅದನ್ನು ತಾಳೆ ನೋಡುವ ಒಬ್ಬರು ಬೇಕು. ಹಿಂದುಳಿದವರ ಕೊಳವೆಬಾವಿಗಾಗಿ ಇರುವ ನಿಗಮವು ಪರರಾಜ್ಯದ ಸಂಘವೊಂದಕ್ಕೆ ಕೋಟಿಗಟ್ಟಲೆ ಹಣ ಏಕೆ ಕಳಿಸುತ್ತಿದೆ ಎಂದು ಕೇಳುವ ಅವಕಾಶ ಶಾಖೆಯಲ್ಲಿ ಕನಿಷ್ಠ ಇಬ್ಬರು ಮೂವರಿಗೆ ಇರುತ್ತದೆ. ಅತ್ತ ಕಡೆಯ ಬ್ಯಾಂಕಿನಲ್ಲಿ, ಹೊಸದಾಗಿ ತೆರೆದ ಖಾತೆಗಳಿಗೆ ಇಷ್ಟು ದೊಡ್ಡ ಮೊತ್ತ ಬಂದು ಅಷ್ಟೇ ಬೇಗ ಬರಿದಾದುದನ್ನು ಕಂಡವರು ಇರುತ್ತಾರೆ. ಚಿನ್ನ ಮಾರಿದವನಿಗೆ ಕೊಂಡವನ ಮುಖ ಗೊತ್ತಿರುತ್ತದೆ. ಈ ನಿಲ್ದಾಣಗಳಲ್ಲಿ ಯಾವುದೋ ಒಂದರಲ್ಲಿ ಒಬ್ಬನು ಸಹಿ ಹಾಕದೆ ಪೆನ್ನು ಕೆಳಗಿಟ್ಟಿದ್ದರೆ ಗಾಡಿ ಅಲ್ಲಿಗೆ ನಿಲ್ಲುತ್ತಿತ್ತು. ‘ಮೇಲಿನವರು ಹೇಳಿದರು, ನಾನು ಸಹಿ ಮಾಡಿದೆ’ ಎಂಬುದು ಇಂಥ ಎಲ್ಲ ಪ್ರಕರಣಗಳಲ್ಲಿ ಕೇಳಿಬರುವ ಮಾತು. ಮೂರನೆಯ ಕಲಮು ತಿಳಿದೂ ನೆರವಾದವನನ್ನು ಅಪರಾಧಿಯ ಪಂಕ್ತಿಯಲ್ಲಿಯೇ ಕೂರಿಸುತ್ತದೆ. ಸಾಲುಗಟ್ಟಿ ನಿಂತವರಲ್ಲಿ ಬಾಯಿಬಿಟ್ಟುದು ತೀರಿಕೊಂಡ ಆ ಲೆಕ್ಕಾಧಿಕಾರಿಯ ಕಾಗದವೊಂದೇ ಎಂಬುದು ನಮ್ಮ ವೃತ್ತಿಜೀವನದ ನೀತಿಯ ಬಗ್ಗೆ ಬಹಳ ಕಹಿಯಾದ ಸಾಕ್ಷ್ಯ.

ಈ ಪ್ರಕರಣದ ಬೆಳಕಿನಲ್ಲಿ ಕಾಯಿದೆಯ ಒಂದು ದೊಡ್ಡ ಲೋಪವೂ ಕಾಣುತ್ತದೆ. ರಾಜಕೀಯ ಅಧಿಕಾರವುಳ್ಳವರ ಖಾತೆಗಳನ್ನು ಬ್ಯಾಂಕುಗಳು ಹೆಚ್ಚಿನ ಎಚ್ಚರದಿಂದ ನೋಡಬೇಕೆಂಬುದು ಜಗತ್ತಿನ ಬಹುಪಾಲು ದೇಶಗಳು ಒಪ್ಪಿದ ನಿಯಮ. 2023ರ ಮಾರ್ಚ್ 7ರಂದು ತಿದ್ದಿದ ನಿಯಮಾವಳಿಯಲ್ಲಿ ಭಾರತ ಸರಕಾರವೂ ಅಂಥವರು ಯಾರೆಂದು ವ್ಯಾಖ್ಯಾನಿಸಿತು: ಪರದೇಶವೊಂದು ಪ್ರಮುಖ ಸಾರ್ವಜನಿಕ ಹುದ್ದೆಯನ್ನು ಒಪ್ಪಿಸಿದ ವ್ಯಕ್ತಿ! ಅಲ್ಲಿಗೆ ನೇಪಾಳದ ಮಂತ್ರಿ ರಾಯಚೂರಿನಲ್ಲಿ ಖಾತೆ ತೆರೆದರೆ ಬ್ಯಾಂಕು ಕಣ್ಣರಳಿಸಿ ನೋಡಬೇಕು. ಬೆಂಗಳೂರಿನ ಮಂತ್ರಿಗೆ ಆ ವ್ಯಾಖ್ಯಾನ ತಾಗುವುದಿಲ್ಲ. ಇಂಥ ವ್ಯಾಖ್ಯಾನವನ್ನು ಬರೆದ ಕೈ ಪರದೇಶದ ಪಾಪಕ್ಕೆ ಹೆದರಿತೋ ಸ್ವದೇಶದ ಪಾಪಕ್ಕೆ ನಾಚಿತೋ ಹೇಳುವುದು ಕಷ್ಟ. ಬಂಧನದ ಸುದ್ದಿಯಲ್ಲಿ ಮಾತ್ರ ಸ್ವದೇಶದವರಿಗೆ ಕೊರತೆಯಿಲ್ಲ. 2025ರ ಮಾರ್ಚಿನಲ್ಲಿ ರಾಜ್ಯಸಭೆಗೆ ಸರಕಾರವೇ ಕೊಟ್ಟ ಉತ್ತರದಂತೆ, ಹತ್ತು ವರ್ಷಗಳಲ್ಲಿ ಸಂಸದರು, ಶಾಸಕರು ಮತ್ತು ರಾಜಕೀಯ ಮುಖಂಡರ ಮೇಲೆ ದಾಖಲಾದ ಪ್ರಕರಣಗಳು 193. ಶಿಕ್ಷೆಯಲ್ಲಿ ಮುಗಿದವು 2.

ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಕಾಯಿದೆಯ ಎರಡನೆಯ ದೋಷವಿದೆ. ಹಣ ನಿಷ್ಕಳಂಕವೆಂದು ತೋರಿಸುವ ಭಾರವನ್ನು 24ನೆಯ ಕಲಮು ಆರೋಪಿಯ ಹೆಗಲಿಗೇರಿಸುತ್ತದೆ. ಜಾಮೀನು ಬೇಕಾದರೆ ಆತ ತಪ್ಪಿತಸ್ಥನಲ್ಲವೆಂದು ನಂಬಲು ಆಧಾರವಿದೆಯೆಂದೂ, ಹೊರಗೆ ಬಂದು ಮತ್ತೆ ಅಪರಾಧ ಮಾಡಲಾರನೆಂದೂ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಇದು 45ನೆಯ ಕಲಮಿನ ಕಟ್ಟು. 2017ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಟ್ಟನ್ನು ಬಿಚ್ಚಿತ್ತು. 2018ರಲ್ಲಿ ಸಂಸತ್ತು ತಿದ್ದುಪಡಿ ತಂದಿತು. 2022ರ ತೀರ್ಪು ಕಟ್ಟನ್ನು ಎತ್ತಿಹಿಡಿಯಿತು. ವಿಚಾರಣೆ ವರ್ಷಗಟ್ಟಲೆ ಎಳೆದಾಗ ಕಾರ್ಯವಿಧಾನವೇ ದಂಡನೆಯಾಗುತ್ತದೆ. ಲಂಚಕೋರನು ಜೈಲಿಗೆ ಹೋದನೆಂದು ಚಪ್ಪಾಳೆ ತಟ್ಟುವ ಸಜ್ಜನರು ಇದನ್ನೂ ಯೋಚಿಸಬೇಕು. ಸಾಬೀತಾಗದ ದೋಷಕ್ಕೆ ಶಿಕ್ಷೆ ಕೊಡುವುದು ಅಹಿಂಸೆಯನ್ನು ಒಪ್ಪಿದವರಿಗೆ ಸಂತೋಷದ ವಿಷಯವಾಗಲಾರದು. ನ್ಯಾಯಾಲಯಗಳು ಒಂದೆರಡು ಕಡೆ ಬೇಲಿ ಹಾಕಿವೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಆಸ್ತಿಗೆ ಸಂಬಂಧಿಸಿದ ಪ್ರಕರಣದಲ್ಲಿ 2023ರ ನವೆಂಬರ್ 29ರಂದು, ಬರಿಯ ‘ಒಳಸಂಚು’ ಎಂಬ ಆರೋಪವನ್ನು ಹಿಡಿದು ಈ ಕಾಯಿದೆಯನ್ನು ಹೂಡುವಂತಿಲ್ಲ, ಸಂಚು ನಡೆದ ಅಪರಾಧವೂ ಕಾಯಿದೆಯ ಅನುಸೂಚಿಯಲ್ಲಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಡಿ.ಕೆ. ಶಿವಕುಮಾರ್ ಅವರ ಮೇಲಿನ ಪ್ರಕರಣ 2024ರ ಮಾರ್ಚಿನಲ್ಲಿ ರದ್ದಾದುದು ಇದೇ ಆಧಾರದ ಮೇಲೆ.

ಇನ್ನು ವೃತ್ತಿನಿರತರ ಮಾತು. 2023ರ ಮೇ 3ರ ಅಧಿಸೂಚನೆಯಿಂದ ಲೆಕ್ಕಪರಿಶೋಧಕರು, ಕಂಪನಿ ಕಾರ್ಯದರ್ಶಿಗಳು, ವೆಚ್ಚ ಲೆಕ್ಕಿಗರು ಈ ಕಾಯಿದೆಯ ಪ್ರಕಾರ ವರದಿ ಸಲ್ಲಿಸಬೇಕಾದವರ ಪಟ್ಟಿಗೆ ಸೇರಿದರು. ಕಕ್ಷಿದಾರನ ಪರವಾಗಿ ಸ್ಥಿರಾಸ್ತಿಯನ್ನು ಕೊಳ್ಳುವ ಮಾರುವ ವ್ಯವಹಾರ ನಡೆಸಿದರೆ, ಅವನ ಹಣವನ್ನೋ ಬ್ಯಾಂಕ್ ಖಾತೆಯನ್ನೋ ನಿರ್ವಹಿಸಿದರೆ, ಕಂಪನಿಯನ್ನು ಅಥವಾ ಟ್ರಸ್ಟನ್ನು ಸ್ಥಾಪಿಸಿ ನಡೆಸಿಕೊಟ್ಟರೆ, ಆಗ ಅವರು ಬ್ಯಾಂಕಿನಷ್ಟೇ ಹೊಣೆಗಾರರು. ಹಣದ ಒಡೆಯನು ಯಾರೆಂದು ತಿಳಿಯಬೇಕು, ದಾಖಲೆ ಇಡಬೇಕು, ಸಂಶಯ ಬಂದರೆ 2004ರಲ್ಲಿ ಸ್ಥಾಪಿತವಾದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ತಿಳಿಸಿದುದನ್ನು ಕಕ್ಷಿದಾರನಿಗೆ ಹೇಳುವಂತಿಲ್ಲ. ಆ ಅಧಿಸೂಚನೆಯಲ್ಲಿ ವಕೀಲರ ಹೆಸರಿಲ್ಲ. ಹೀಗಾಗಿ ಒಂದೇ ಮೇಜಿನ ಸುತ್ತ ಕುಳಿತು ಒಂದೇ ಕ್ರಯಪತ್ರವನ್ನು ತಯಾರಿಸುವ ಇಬ್ಬರಲ್ಲಿ ಒಬ್ಬನಿಗೆ ಹೊಣೆ, ಇನ್ನೊಬ್ಬನಿಗೆ ಇಲ್ಲ.

ಇದಾದ ಮೇಲೆ ವೃತ್ತಿನಿರತರಿಗೆ ‘ಕಾಯಿದೆಯನ್ನು ಅರಿಯಿರಿ’ ಎಂದು ಬೋಧಿಸುವ ಕೈಪಿಡಿಗಳೂ ಶಿಬಿರಗಳೂ ಹೆಚ್ಚಿದವು. ಇವುಗಳ ಧಾಟಿ ಬಹುಮಟ್ಟಿಗೆ ಒಂದೇ. ಯಾವ ನಮೂನೆ ತುಂಬಬೇಕು, ಯಾವ ಗುರುತಿನ ಚೀಟಿಯ ಪ್ರತಿ ಇಡಬೇಕು, ಐದು ವರ್ಷ ಕಡತವನ್ನು ಹೇಗೆ ಕಾಪಾಡಬೇಕು, ತನಿಖೆ ಬಂದರೆ ತನ್ನನ್ನು ಹೇಗೆ ಉಳಿಸಿಕೊಳ್ಳಬೇಕು. ಇವೆಲ್ಲ ಬೇಕಾದವೇ. ಆದರೆ ಈ ಬೋಧೆ ವಿದ್ಯಾರ್ಥಿಗೆ ಕಲಿಸುವುದು ಕಡತವು ಮಡಿಯಾಗಿದ್ದರೆ ತಾನೂ ಮಡಿಯೆಂಬ ನಂಬಿಕೆಯನ್ನು. ಹಣವನ್ನು ಮಡಿ ಮಾಡುವವನ ನಂಬಿಕೆಯೂ ಅದೇ ತಾನೆ? ಗುರುತಿನ ಚೀಟಿ ಸರಿಯಾಗಿದೆಯೆಂದು ಗುರುತುಹಾಕಿದ ಲೆಕ್ಕಪರಿಶೋಧಕನು, ಮೂರು ವರ್ಷದ ಹಿಂದೆ ಬಾಡಿಗೆ ಮನೆಯಲ್ಲಿದ್ದ ಗುಮಾಸ್ತನು ಇಂದು ಯಾವ ಆದಾಯದಿಂದ ಬಡಾವಣೆಯಲ್ಲಿ ನಾಲ್ಕು ನಿವೇಶನ ಕೊಳ್ಳುತ್ತಿದ್ದಾನೆಂದು ಕೇಳದಿದ್ದರೆ, ಕೈಪಿಡಿಯ ಪ್ರಕಾರ ಉತ್ತೀರ್ಣನಾಗಿರಬಹುದು. ಹಳೆಯ ಕಾಲದ ಸಾಹುಕಾರನು ಸಾಲ ಕೇಳಲು ಬಂದವನ ಮನೆತನ, ಹೊಲ, ನಡತೆ ಮೂರನ್ನೂ ಬಲ್ಲವನಾಗಿದ್ದ. ಆ ಬಲ್ಮೆಯನ್ನು ನಮೂನೆಯ ಚೌಕಗಳಲ್ಲಿ ತುಂಬುವುದು ಸಾಧ್ಯವಿಲ್ಲ.

ಚಿನ್ನದ ವ್ಯಾಪಾರಕ್ಕೆ ಸಂಬಂಧಿಸಿದ ನಿಯಮವು ಇದಕ್ಕಿಂತ ವಿಚಿತ್ರವಾಗಿದೆ. ಅನೇಕ ಜೈನ ಮನೆಗಳಿಗೆ ಇದು ನೇರವಾಗಿ ತಟ್ಟುವ ವಿಷಯ. 2020ರ ಡಿಸೆಂಬರ್ 28ರ ಅಧಿಸೂಚನೆಯಂತೆ, ಗಿರಾಕಿಯೊಡನೆ ಹತ್ತು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಗದು ವ್ಯವಹಾರ ನಡೆಸುವ ಚಿನ್ನ, ಬೆಳ್ಳಿ, ರತ್ನಗಳ ವ್ಯಾಪಾರಿಗೆ ಈ ಕಾಯಿದೆಯ ಹೊಣೆಗಳು ತಗಲುತ್ತವೆ. ಒಂದೇ ಸಲ ಬಂದರೂ, ಒಂದಕ್ಕೊಂದು ಸೇರಿದ ಹಲವು ಕಂತುಗಳಲ್ಲಿ ಬಂದರೂ ಅಷ್ಟೇ. ಆದರೆ 2017ರ ಏಪ್ರಿಲಿನಿಂದ ಆದಾಯ ತೆರಿಗೆಯ ಕಾನೂನು, ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಮೇಲ್ಪಟ್ಟ ನಗದನ್ನು ಪಡೆಯುವುದನ್ನೇ ನಿಷೇಧಿಸಿದೆ. ಎರಡು ಲಕ್ಷವನ್ನೇ ಪಡೆಯಬಾರದವನು ಹತ್ತು ಲಕ್ಷ ಪಡೆದಾಗ ದಾಖಲೆ ಇಡಬೇಕು! ಮೊದಲ ಕಾನೂನನ್ನು ಮುರಿದವನಿಗಷ್ಟೇ ಎರಡನೆಯದು ಅನ್ವಯಿಸುತ್ತದೆ. ಪ್ರಾಮಾಣಿಕನಿಗೆ ಅದು ಬೇಕಿಲ್ಲ, ಅಪ್ರಾಮಾಣಿಕನು ಅದನ್ನು ಪಾಲಿಸುವುದಿಲ್ಲ. ಇಂಥ ನಿಯಮಗಳನ್ನು ಬರೆಯುವವರು ಒಂದು ದಿನ ಸರಾಫ ಕಟ್ಟೆಯ ಮೇಲೆ ಕುಳಿತು ನೋಡಿದ್ದರೆ ಒಳ್ಳೆಯದಿತ್ತು.

ಪ್ರಸಂಗವಶಾತ್ ಒಂದು ಮಾತು. ‘ಹುಂಡಿ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ದೇವಸ್ಥಾನದ ಕಾಣಿಕೆಯ ಪೆಟ್ಟಿಗೆ ಒಂದು. ಸಾಹುಕಾರರು ಊರಿಂದೂರಿಗೆ ನಾಣ್ಯ ಸಾಗಿಸದೆ ನಂಬಿಕೆಯ ಮೇಲೆ ಬರೆದುಕೊಡುತ್ತಿದ್ದ ಚೀಟಿ ಇನ್ನೊಂದು. ಎರಡನೆಯ ಹುಂಡಿಯ ಮಾರ್ಗದಲ್ಲಿಯೇ ಇಂದಿನ ಹವಾಲಾ ನಡೆಯುತ್ತದೆ; ನಂಬಿಕೆ ಉಳಿದಿದೆ, ಬಹಿಯಲ್ಲಿ ಬರೆಯುವ ಪದ್ಧತಿ ಮಾತ್ರ ಹೋಗಿದೆ. ಮೊದಲನೆಯ ಹುಂಡಿಗೆ ಸರಕಾರವು ಇಂದಿಗೂ ಗೌರವ ಕೊಟ್ಟಿದೆ. ಹೆಸರಿಲ್ಲದ ದಾನಗಳ ಮೇಲೆ 2006ರಲ್ಲಿ ತೆರಿಗೆ ವಿಧಿಸಿದಾಗ, ಸಂಪೂರ್ಣ ಧಾರ್ಮಿಕವಾದ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟರು. ಹುಂಡಿಯಲ್ಲಿ ಬಿದ್ದುದು ಯಾರ ಹಣವೆಂದು ಟ್ರಸ್ಟು ಹೇಳಬೇಕಾಗಿಲ್ಲ. ಈ ವಿನಾಯಿತಿ ಭಕ್ತನ ಸಂಕೋಚಕ್ಕಾಗಿ ಕೊಟ್ಟುದು. ಎಡಗೈ ಕೊಟ್ಟುದು ಬಲಗೈಗೆ ತಿಳಿಯಬಾರದೆಂಬ ದಾನಿಗಾಗಿ. ಅದೇ ಪೆಟ್ಟಿಗೆ ಇನ್ನೊಬ್ಬನಿಗೆ ಅಗಸನ ಕಟ್ಟೆಯಾಗಬಹುದೆಂಬುದನ್ನು ಟ್ರಸ್ಟಿಗಳು ಮರೆಯಬಾರದು. ವರ್ಷವೆಲ್ಲ ಸಾವಿರಗಳಲ್ಲಿ ತುಂಬುತ್ತಿದ್ದ ಹುಂಡಿ ಒಂದು ತಿಂಗಳು ಲಕ್ಷಗಳಲ್ಲಿ ತುಂಬಿ, ಅದರ ಬೆನ್ನಿಗೇ ಯಾರೋ ಒಬ್ಬರು ಮಂಟಪದ ಗುತ್ತಿಗೆ ಇಂಥವರಿಗೇ ಕೊಡಿಸಬೇಕೆಂದು ಬಂದರೆ, ಆ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುವುದು ಮುಗ್ಧತೆಯೆನಿಸಲಾರದು.

ಲಂಚವೂ ದಾನದ ಉಡುಪನ್ನು ತೊಡಬಲ್ಲದು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಸಲ್ಲಿಸಿದ ವರದಿಯಲ್ಲಿ ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು: ಗಣಿ ವ್ಯವಹಾರದ ಸಂಸ್ಥೆಯೊಂದು ಅಂದಿನ ಮುಖ್ಯಮಂತ್ರಿಗಳ ಕುಟುಂಬದವರಿದ್ದ ಶಿಕ್ಷಣ ಸಂಸ್ಥೆಗೆ ಕೋಟಿಗಟ್ಟಲೆ ದೇಣಿಗೆ ಕೊಟ್ಟುದು ದೇಣಿಗೆಯೇ, ಪ್ರತಿಫಲವೇ? ಕೇಂದ್ರ ತನಿಖಾ ದಳ ಮೊಕದ್ದಮೆ ಹೂಡಿತು. 2016ರ ಅಕ್ಟೋಬರ್ 26ರಂದು ವಿಶೇಷ ನ್ಯಾಯಾಲಯವು ಬಿ.ಎಸ್. ಯಡಿಯೂರಪ್ಪನವರನ್ನೂ ಇತರರನ್ನೂ ದೋಷಮುಕ್ತಗೊಳಿಸಿತು. ತೀರ್ಪಿಗೆ ತಲೆಬಾಗಬೇಕು. ಪ್ರಶ್ನೆ ಮಾತ್ರ ಪ್ರತಿಯೊಂದು ಟ್ರಸ್ಟಿಗೂ ಉಳಿಯುತ್ತದೆ. ಕೊಡುವವನಿಗೆ ಕೆಲಸವಾಗಬೇಕಾಗಿದೆ, ಕೆಲಸ ಮಾಡಿಕೊಡುವವನು ಟ್ರಸ್ಟಿನಲ್ಲಿ ಕುಳಿತಿದ್ದಾನೆ, ನಡುವೆ ರಸೀದಿ ಇದೆ. ದಾನಕ್ಕೆ ದಾತೃ, ಪಾತ್ರ, ವಿಧಿ, ದ್ರವ್ಯ ನಾಲ್ಕನ್ನೂ ವಿಚಾರಿಸಬೇಕೆಂದು ಹೇಳಿದ ಪರಂಪರೆಯವರು ದ್ರವ್ಯವೊಂದನ್ನು ಎಣಿಸಿ ಉಳಿದ ಮೂರನ್ನು ಬಿಡುವುದು ಎಂತಹ ವ್ಯವಹಾರ?

ಲಂಚದ ಕಾನೂನು ಸಹ 2018ರ ಜುಲೈ 26ರಿಂದ ಬಹಳ ಬದಲಾಗಿದೆ. ಅದಕ್ಕೆ ಮೊದಲು ಭ್ರಷ್ಟಾಚಾರ ನಿರೋಧ ಕಾಯಿದೆಯ ಹೆಚ್ಚಿನ ತೂಕ ತೆಗೆದುಕೊಳ್ಳುವವನ ಮೇಲಿತ್ತು. ಈಗ ಎಂಟನೆಯ ಕಲಮಿನಂತೆ ಕೊಡುವವನಿಗೂ ಏಳು ವರ್ಷದ ವರೆಗೆ ಸೆರೆ ಇದೆ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನಿಗೆ ರಕ್ಷಣೆ. ವ್ಯಾಪಾರ ಸಂಸ್ಥೆಯ ಪರವಾಗಿ ಯಾರು ಕೊಟ್ಟರೂ ಸಂಸ್ಥೆಯೇ ಹೊಣೆ. ಪಾಲುದಾರಿಕೆಯ ಅಂಗಡಿಯೂ ಇದರಲ್ಲಿ ಸೇರಿದೆ. ತತ್ತ್ವತಃ ಇದು ಸರಿ. ಕೊಡುವವನಿಲ್ಲದೆ ತೆಗೆದುಕೊಳ್ಳುವವನಿಲ್ಲ. ಗುತ್ತಿಗೆ ಹಿಡಿಯಲು ಕೋಟಿ ಕೊಡುವ ಕಂತ್ರಾಟುದಾರನು ತಾನು ಬಲಿಪಶುವೆಂದು ಅಳುವುದನ್ನು ಕೇಳಿ ಕೇಳಿ ಜನರಿಗೆ ಸಾಕಾಗಿದೆ. ಆದರೆ ದೇವದುರ್ಗದ ಕಿರಾಣಿ ಅಂಗಡಿಯವನು ಪರವಾನಗಿಯ ನವೀಕರಣಕ್ಕೆ ನಾಲ್ಕು ಸಲ ತಿರುಗಿ, ಐದನೆಯ ಸಲ ಕೈಬಿಸಿ ಮಾಡಿ ಬಂದರೆ, ಅವನನ್ನೂ ಆ ಕಂತ್ರಾಟುದಾರನನ್ನೂ ಒಂದೇ ಕಲಮಿನಲ್ಲಿ ಕೂರಿಸುವುದು ನ್ಯಾಯವೇ? ಏಳು ದಿನಗಳಲ್ಲಿ ಅವನು ಅಂಗಡಿ ಮುಚ್ಚಿ ದೂರು ಕೊಡಲು ಹೋಗಬೇಕು. ಮುಂದಿನ ವರ್ಷದ ನವೀಕರಣಕ್ಕೆ ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕು. ದೂರು ಎಲ್ಲಿಗೆ ಎಂಬುದೇ ಈ ರಾಜ್ಯದಲ್ಲಿ ಕೆಲವು ಕಾಲ ಗೊಂದಲವಾಗಿತ್ತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಕಿತ್ತುಕೊಂಡರು. 2022ರ ಆಗಸ್ಟ್ 11ರಂದು ಉಚ್ಚ ನ್ಯಾಯಾಲಯವು ಆ ದಳವನ್ನೇ ರದ್ದುಗೊಳಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಅಂಗಡಿಯವನ ಸಂಕಟವನ್ನು ಒಪ್ಪಿದ ಮೇಲೂ ಅವನ ಲೆಕ್ಕ ಬರೆಯುವವನ ಮಾತು ಉಳಿಯುತ್ತದೆ. ಆ ಹಣ ಬಹಿಯಲ್ಲಿ ಎಲ್ಲಿ ಕುಳಿತಿತು? ‘ಸಾದಿಲ್ವಾರು ವೆಚ್ಚ’ ಎಂಬ ತಲೆಬರಹದಡಿ. ಈ ಮಾತು ಮೂಲದಲ್ಲಿ ಬೀಗ, ಪೊರಕೆ, ಅಂಚೆಚೀಟಿಗಳಂಥ ಸಣ್ಣ ಖರ್ಚುಗಳಿಗಾಗಿ ಇದ್ದುದು. ಇಂದು ಎಷ್ಟೋ ಬಹಿಗಳಲ್ಲಿ ಹೇಳಲಾಗದ ಖರ್ಚುಗಳ ಮುಸುಕಾಗಿದೆ. ಭ್ರಷ್ಟಾಚಾರ ನಿರೋಧ ಕಾಯಿದೆಯ ಮುಖ್ಯ ಅಪರಾಧಗಳು ಹಣ ಮಡಿ ಮಾಡುವುದರ ವಿರುದ್ಧದ ಕಾಯಿದೆಯ ಅನುಸೂಚಿಯಲ್ಲಿಯೂ ಇವೆ. ಆದುದರಿಂದ ಲಂಚದ ಹಣವನ್ನು ತಿಳಿದೂ ಬೇರೆ ಹೆಸರಿನಲ್ಲಿ ಬರೆದವನು ಎರಡು ಕಾಯಿದೆಗಳೂ ಕೂಡುವ ಜಾಗದಲ್ಲಿ ನಿಂತಿರುತ್ತಾನೆ. ಲಂಚ ಕೊಟ್ಟವನಿಗೆ ಹಸಿವಿನ ಅಥವಾ ಹೆದರಿಕೆಯ ನೆಪವಾದರೂ ಇದೆ. ಲೆಕ್ಕ ಬರೆದವನಿಗೆ ಅದೂ ಇಲ್ಲ.

ಕೊನೆಗೆ ಮತ್ತೆ ಗೂಗಲಿನ ದಡಕ್ಕೆ ಬರಬೇಕು. ದೇವದುರ್ಗದ ಕಡೆ ಕೃಷ್ಣೆಯೂ ಮಾನ್ವಿಯ ಕಡೆ ತುಂಗಭದ್ರೆಯೂ ಹೊತ್ತು ತಂದ ಮರಳು ಈ ಸೀಮೆಯ ಚಿನ್ನ. ಅದನ್ನು ಪರವಾನಗಿ ಇಲ್ಲದೆ ರಾತ್ರಿ ತುಂಬಿ ಸಾಗಿಸುವುದು ಇಲ್ಲಿ ಗುಟ್ಟಿನ ಮಾತಲ್ಲ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲೂಕಿನಲ್ಲಿ ಮರಳಿನ ಲಾರಿಯನ್ನು ತಡೆಯಹೋದ ಗ್ರಾಮಲೆಕ್ಕಿಗರೊಬ್ಬರು ಆ ಲಾರಿಗೇ ಸಿಕ್ಕಿ ಪ್ರಾಣಬಿಟ್ಟರು. ಪರವಾನಗಿಯಿಲ್ಲದೆ ನದಿಯ ಮರಳೆತ್ತುವುದು ಕಳವೂ ಹೌದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದೆ. ಹಾಗಾದರೆ ಆ ಕಳವಿನ ಹಣವನ್ನು ಮಡಿ ಮಾಡುವವನನ್ನು ಈ ದೊಡ್ಡ ಕಾಯಿದೆ ಹಿಡಿಯಬೇಕಲ್ಲವೆ? ಹಿಡಿಯುವುದು ಕಷ್ಟ. ಗಣಿ ಮತ್ತು ಖನಿಜಗಳ 1957ರ ಕಾಯಿದೆ ಅದರ ಅನುಸೂಚಿಯಲ್ಲಿ ಇಲ್ಲ. ಸಾಮಾನ್ಯ ಕಳವೂ ಇಲ್ಲ. ತಮಿಳುನಾಡಿನ ಮರಳು ಗುತ್ತಿಗೆದಾರರ ಪ್ರಕರಣದಲ್ಲಿ ಮದರಾಸು ಉಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ಈ ಕಾರಣಕ್ಕಾಗಿಯೇ ಜಾರಿ ನಿರ್ದೇಶನಾಲಯದ ಕೈ ತಡೆಯಿತು. ನಿಗಮದ ಖಾತೆಯಿಂದ ಹಣ ಹೋದರೆ ದೇಶದ ಮೂರು ತನಿಖಾ ಸಂಸ್ಥೆಗಳು ಓಡಿ ಬರುತ್ತವೆ. ನದಿಯ ಒಡಲಿನಿಂದ ಹೋದರೆ ಈ ಕಾಯಿದೆಗೆ ಕಣ್ಣೇ ಇಲ್ಲ.

ಆದರೆ ಅದೇ ಅನುಸೂಚಿಯಲ್ಲಿ ಇನ್ನೊಂದು ಅಪರಾಧ ಇದೆ: ಕಳವಿನದೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದು, ಆ ಮಾಲನ್ನು ಪಡೆಯುವುದು. ಭಾರತೀಯ ದಂಡ ಸಂಹಿತೆಯ 411ನೆಯ ಕಲಮಾಗಿದ್ದ ಇದು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿದೆ. ಕದ್ದವನನ್ನು ಬಿಟ್ಟ ಅನುಸೂಚಿ ಕೊಂಡವನನ್ನು ಬರೆದುಕೊಂಡಿದೆ. ಇದು ಕಾಯಿದೆ ಬರೆದವರ ದೂರದೃಷ್ಟಿಯೋ ಆಕಸ್ಮಿಕವೋ, ಶ್ರಾವಕಾಚಾರವನ್ನು ಓದಿದವರಿಗೆ ಹೊಸದೇನೂ ಅಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳ್ಳನಿಗೆ ದಾರಿ ತೋರುವುದು ಒಂದು. ಅವನು ಕದ್ದು ತಂದುದನ್ನು ಪಡೆಯುವ ತದಾಹೃತಾದಾನ ಇನ್ನೊಂದು. ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವವನನ್ನು ಆಚಾರ್ಯರು ಕೈ ತೊಳೆದುಕೊಂಡು ಹೋಗಲು ಬಿಡಲಿಲ್ಲ.

ಬಸದಿಗೆ ಯಾತ್ರಿಕರ ಕೊಠಡಿಯನ್ನೋ ಪ್ರವಚನ ಮಂದಿರವನ್ನೋ ಕಟ್ಟಿಸುವ ಟ್ರಸ್ಟಿಗೆ ಈ ಎರಡು ಶಾಸನಗಳೂ ಮರಳಿನ ರಾಶಿಯ ಬಳಿ ಎದುರಾಗುತ್ತವೆ. ಕರ್ನಾಟಕದಲ್ಲಿ ಸಕ್ರಮವಾದ ಮರಳಿನ ಲಾರಿಯೊಡನೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ಸಾಗಣೆ ಪರವಾನಗಿ ಇರುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಟನ್ನು, ಯಾವ ವಾಹನ, ಎಷ್ಟು ಗಂಟೆಯವರೆಗೆ ಎಂಬುದು ಅದರಲ್ಲಿ ಬರೆದಿರುತ್ತದೆ. ಕಟ್ಟಡದ ಬಾಬತ್ತಿನ ವೋಚರುಗಳನ್ನು ಎಷ್ಟು ಶ್ರದ್ಧೆಯಿಂದ ಜೋಡಿಸಿಟ್ಟಿದ್ದರೂ, ಸಿಮೆಂಟಿನ ಬಿಲ್ಲಿದೆ, ಕಬ್ಬಿಣದ ಬಿಲ್ಲಿದೆ, ಮರಳಿನ ಎದುರು ‘ಲಾರಿ ಬಾಡಿಗೆ ಸಹಿತ’ ಎಂಬ ಒಂದು ಸಾಲಷ್ಟೇ ಇದೆಯೆಂದರೆ, ಪರವಾನಗಿಯ ಪ್ರತಿಯನ್ನು ಕೇಳದೆ ಆ ವೋಚರಿಗೆ ಸಹಿ ಹಾಕಬಾರದು; ಗುತ್ತಿಗೆದಾರನು ತರಿಸಿಕೊಡುವವರೆಗೆ ಬಿಲ್ಲನ್ನು ತಡೆದಿಡುವ ಅಧಿಕಾರ ಖಜಾಂಚಿಗೆ ಇದೆ.